ಹಂಡೆಯ ಅಂಚಿನಲ್ಲಿ ಆರು ಚಳಿಗಾಲ: ವಿಂಟರ್ ಟೈರಿಗೆ ಕೊಟ್ಟ ದುಡ್ಡು ದಂಡವಾಯಿತಾ?

ಸ್ಟುಟ್‌ಗಾರ್ಟ್ ಎಂಬ ಜರ್ಮನಿಯ ಊರನ್ನು ಇಲ್ಲಿನವರು 'ಕೆಸ್ಸೆಲ್' ಅನ್ನುತ್ತಾರೆ. ಕೆಸ್ಸೆಲ್ ಅಂದರೆ ಹಂಡೆ. ಸುತ್ತ ಗುಡ್ಡ, ತಳದಲ್ಲಿ ಪೇಟೆ. ನಮ್ಮ ಮನೆ ಹೆಸ್ಲಾಖ್‌ನಲ್ಲಿ, ಆ ಹಂಡೆಯ ಒಂದು ಬದಿಗೆ ಅಂಟಿಕೊಂಡಂತಿದೆ. ಬಾಗಿಲು ತೆಗೆದರೆ ಇಳಿಜಾರು. ಕಾರು ನಿಲ್ಲಿಸುವುದೂ ಇಳಿಜಾರಿನಲ್ಲೇ. ಇದನ್ನು ಮೊದಲೇ ಹೇಳಿದ್ದು ಯಾಕೆಂದರೆ, ಟೈರಿನ ವಿಷಯದಲ್ಲಿ ನನ್ನ ಮಾತು ಸಮತಟ್ಟಾದ ಊರಲ್ಲಿರುವವರಿಗೆ ಪೂರ್ತಿ ಹೊಂದುವುದಿಲ್ಲ.

2018ರ ಸೆಪ್ಟೆಂಬರ್‌ನಲ್ಲಿ ಸೆಕೆಂಡ್ ಹ್ಯಾಂಡ್ ಫೋಕ್ಸ್‌ವ್ಯಾಗನ್ ಗಾಲ್ಫ್ ಕಾರು ತೆಗೆದುಕೊಂಡೆವು. ಮಾರಿದವರು ನೆಲಮಾಳಿಗೆ ತೋರಿಸಿ, "ಚಳಿಗಾಲದ ಚಕ್ರಗಳೂ ಇವೆ, 200 ಯೂರೊ ಕೊಟ್ಟು ಒಯ್ಯಿರಿ" ಎಂದರು. ನಾನು ಬೇಡ ಎಂದೆ. ತೀರ್ಥಹಳ್ಳಿ ಕಡೆ ಹುಟ್ಟಿ, ಆಗುಂಬೆ ಘಾಟಿಯಲ್ಲಿ ಜುಲೈ ತಿಂಗಳ ಮಳೆಗೆ ಡ್ರೈವಿಂಗ್ ಕಲಿತವಳು ನಾನು. ನನಗೇ ಜಾರುವ ಪಾಠ ಹೇಳುತ್ತಾರಾ ಅನ್ನುವ ಧಿಮಾಕು. ಜೊತೆಗೆ ಈ ಊರಲ್ಲಿ ಸ್ನೋ ಬೀಳುವುದೇ ಅಪರೂಪ ಅಂತ ಆಫೀಸಿನಲ್ಲಿ ಯಾರೋ ಹೇಳಿದ್ದರು.

ಡಿಸೆಂಬರ್‌ನ ಒಂದು ಬೆಳಗ್ಗೆ, ಏಳು ಗಂಟೆ. ಇಲ್ಲಿ ಆ ಹೊತ್ತಿಗೆ ಇನ್ನೂ ಕಗ್ಗತ್ತಲು. ರಸ್ತೆ ಮೇಲೆ ಸ್ನೋ ಅಂದರೆ ದೋಸೆಕಲ್ಲಿಗೆ ಉದುರಿಸಿದ ಹಿಟ್ಟಿನಷ್ಟು, ಅದಕ್ಕಿಂತ ಜಾಸ್ತಿ ಇಲ್ಲ. ಮೆಲ್ಲಗೆ ಇಳಿಸಿದೆ, ಹದಿನೈದು ಕಿಲೋಮೀಟರ್ ವೇಗವೂ ಇರಲಿಲ್ಲ. ಲೈಟು ಕಂಬದ ಹತ್ತಿರ ಬ್ರೇಕ್ ಒತ್ತಿದೆ. ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ಎಬಿಎಸ್ ಕಾಲಿನ ಕೆಳಗೆ ಕಟಕಟಕಟ ಅಂದಿತು. ಕಾರು ಮಾತ್ರ ನಿಲ್ಲಲಿಲ್ಲ. ಸ್ಟೀರಿಂಗ್ ಎಡಕ್ಕೆ ತಿರುಗಿಸಿದೆ, ಚಕ್ರ ತಿರುಗಿತು, ಕಾರು ತಿರುಗಲಿಲ್ಲ. ಸದ್ದೇ ಇಲ್ಲದೆ, ಅವಸರವೂ ಇಲ್ಲದೆ, ನೇರವಾಗಿ ಹೋಗಿ ಪಕ್ಕದ ಮನೆಯ ಕಂದು ಬಣ್ಣದ ಕಸದ ಡಬ್ಬಕ್ಕೆ ಮುತ್ತಿಟ್ಟಿತು. ಡಬ್ಬ ಉರುಳಿತು. ಆಲೂಗಡ್ಡೆ ಸಿಪ್ಪೆ, ಕಾಫಿ ಚರಟ, ಒಣಗಿದ ಹೂವು ಎಲ್ಲ ಬಿಳಿ ರಸ್ತೆಯ ಮೇಲೆ ಹರಡಿಕೊಂಡವು.

ಆ ವಾರ ಗುಡಿಸುವ ಸರದಿ ಪಕ್ಕದ ಮನೆಯ ಅಜ್ಜಿಯದು. ಕೇರ್‌ವೋಖೆ ಅಂತ ಇಲ್ಲಿ ಅದಕ್ಕೆ ಹೆಸರು, ಅವರವರ ಸರದಿಯಲ್ಲಿ ಮೆಟ್ಟಿಲು, ಬೀದಿಬದಿ ಎಲ್ಲ ಗುಡಿಸಲೇಬೇಕು. ಅಜ್ಜಿ ಸಲಿಕೆ ಹಿಡಿದು ಹೊರಗೇ ನಿಂತಿದ್ದರು. ನನ್ನನ್ನು ನೋಡಲಿಲ್ಲ, ಡಬ್ಬವನ್ನೂ ನೋಡಲಿಲ್ಲ. ಬಗ್ಗಿ ನನ್ನ ಟೈರಿಗೆ ಉಗುರು ಒತ್ತಿ, "ಝೊಮ್ಮರ್‌ರೈಫೆನ್" ಎಂದರು. ಬೇಸಿಗೆ ಟೈರು ಅಂತ. ಮದುವೆ ಮನೆಗೆ ಬಾತ್‌ರೂಮ್ ಚಪ್ಪಲಿಯಲ್ಲಿ ಬಂದವರನ್ನು ನೋಡುವಾಗ ಬರುತ್ತದಲ್ಲ, ಆ ದನಿ. ಸಿಪ್ಪೆಯನ್ನೆಲ್ಲ ನಾನೇ ಬಳಿದೆ.

ಸಂಜೆ ಕೂತು ನಿಯಮ ಓದಿದೆ. ಜರ್ಮನಿಯಲ್ಲಿ ಇಂಥ ತಾರೀಖಿನಿಂದ ಚಳಿಗಾಲದ ಟೈರು ಅಂತ ಕಾನೂನಿಲ್ಲ. ರಸ್ತೆಯಲ್ಲಿ ಸ್ನೋ, ಐಸ್, ಕೆಸರು ಹಿಮ ಇದ್ದರೆ ಓಡಿಸುವ ಕಾರಿಗೆ ಅದು ಇರಲೇಬೇಕು, ಅಷ್ಟೇ. 2010ರಿಂದ ಹೀಗಿದೆ. ಇಲ್ಲದೆ ಸಿಕ್ಕಿಬಿದ್ದರೆ 60 ಯೂರೊ ದಂಡ, ಲೈಸೆನ್ಸ್ ಲೆಕ್ಕಕ್ಕೆ ಒಂದು ತಪ್ಪಿನ ಪಾಯಿಂಟ್. ಅಪಘಾತ ಆಗಿದ್ದರೆ ದಂಡ 120. ಇನ್ಶೂರೆನ್ಸಿನವರು ನಮ್ಮದೇ ಕಾರಿನ ರಿಪೇರಿ ದುಡ್ಡಿಗೆ ಕತ್ತರಿ ಹಾಕಬಹುದು. ನಾನು ಕಸದ ಡಬ್ಬದಲ್ಲೇ ಪಾರಾಗಿದ್ದೆ.

ಜನ ಮಾತ್ರ ಕಾನೂನಿಗೆ ಕಾಯುವುದಿಲ್ಲ. 'ಓ ಇಂದ ಓ' ಅನ್ನುತ್ತಾರೆ. ಅಕ್ಟೋಬರ್‌ನಿಂದ ಓಸ್ಟರ್ನ್, ಅಂದರೆ ಈಸ್ಟರ್ ತನಕ. ನಮ್ಮ ಕಡೆ ಮಳೆ ಹಿಡಿಯುವ ಮೊದಲು ಸೌದೆ ಒಟ್ಟುವ ಹಾಗೆ ಇದೂ ಒಂದು ವಾರ್ಷಿಕ ಕೆಲಸ. ಅದು ಗೊತ್ತಿಲ್ಲದೆ ನಾನು ಡಿಸೆಂಬರ್‌ನಲ್ಲಿ ಟೈರ್ ಅಂಗಡಿಗೆ ಹೋದರೆ ಎರಡು ವಾರ ಬಿಟ್ಟು ಬನ್ನಿ ಅಂದರು. ಆ ಎರಡು ವಾರ ಟ್ರಾಮೇ ಗತಿ.

ಹಾಕಿಸಿದ್ದು ಕಾಂಟಿನೆಂಟಲ್ ವಿಂಟರ್‌ಕಾಂಟ್ಯಾಕ್ಟ್ ಟಿಎಸ್ 860, ಅಳತೆ 205/55 ಆರ್ 16. ಕಪ್ಪು ಸ್ಟೀಲ್ ರಿಮ್ ಸಮೇತ ನಾಲ್ಕಕ್ಕೆ 560 ಯೂರೊ. ರಿಮ್ ಬೇರೆ ಯಾಕೆ ಅಂತ ನಮ್ಮವರು ಗೊಣಗಿದರು. ಬೇರೆ ರಿಮ್ ಇದ್ದರೆ ಪ್ರತಿ ಸಲ ಟೈರ್ ಕಳಚಿ ತೊಡಿಸುವ ರಗಳೆ ಇಲ್ಲ, ಇಡೀ ಚಕ್ರ ಬಿಚ್ಚಿ ಇನ್ನೊಂದು ಹಾಕಿದರಾಯಿತು. ಕೂಲಿಯೂ ಕಡಿಮೆ. ನಮ್ಮ ಗಾಲ್ಫ್ ಗಾಳಿ ಕಡಿಮೆಯಾದದ್ದನ್ನು ಎಬಿಎಸ್ ಇಡುವ ಚಕ್ರ ತಿರುಗುವ ಲೆಕ್ಕದಿಂದಲೇ ಕಂಡುಹಿಡಿಯುತ್ತದೆ. ಹಾಗಾಗಿ ಚಕ್ರದೊಳಗೆ ಗಾಳಿ ಅಳೆಯುವ ಸೆನ್ಸರ್ ಹಾಕಿಸುವ ಖರ್ಚು ಉಳಿಯಿತು. ನಿಮ್ಮ ಕಾರಿಗೆ ಸೆನ್ಸರ್ ಬೇಕಾಗುತ್ತಾ ಅಂತ ಮೊದಲೇ ಕೇಳಿಕೊಳ್ಳಿ, ಅದು ಸಣ್ಣ ಮೊತ್ತ ಅಲ್ಲ.

ಅಪ್ಪನಿಗೆ ಫೋನ್‌ನಲ್ಲಿ ಹೇಳಿದೆ. ರೂಪಾಯಿ ಲೆಕ್ಕ ಹಾಕಿ ಗಾಬರಿಯಾದರು.

"ಅಲ್ಲ ಕಣೇ, ನಾಲ್ಕು ಟೈರಿಗೆ ನಲವತ್ತೈದು ಸಾವಿರನಾ? ಅದೂ ಅರ್ಧ ವರ್ಷಕ್ಕೆ?"

"ಸ್ನೋ ಮೇಲೆ ಕಾರ್ ನಿಲ್ಲೋದೇ ಇಲ್ಲ ಅಪ್ಪ. ನಮ್ಮನೆ ಅಂಗಳದಲ್ಲಿ ಪಾಚಿ ಕಟ್ಟುತ್ತಲ್ಲ, ಹಾಗೆ."

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. "ಹಂಗಾರೆ ಅಂಗಳಕ್ಕೆ ಅಡಿಕೆ ದಬ್ಬೆ ಹಾಕ್ದಂಗೆ ಅನ್ನು. ಹಾಕ್ಸು, ಹಾಕ್ಸು."

ದಬ್ಬೆ ಅಂದರೆ ಪಾಚಿಯ ಮೇಲೆ ಕಾಲು ಜಾರದಂತೆ ಹಾಸುವ ಅಡಿಕೆ ಮರದ ಸೀಳು. ನಾನು ಕೇಳಿದ ಅತಿ ಒಳ್ಳೆಯ ವಿವರಣೆ ಇದೇ. ಆದರೆ ದಬ್ಬೆ ಕೆಲಸ ಮಾಡುವುದು ಒಂದು ರೀತಿ, ಈ ಟೈರು ಇನ್ನೊಂದು ರೀತಿ. ಎರಡೂ ಸೆಟ್ ಪಕ್ಕಪಕ್ಕ ಇಟ್ಟು ನೋಡಿ. ಬೇಸಿಗೆ ಟೈರಿನ ರಬ್ಬರ್ ಚಳಿಗೆ ಕಟ್ಟಿಗೆಯ ಹಾಗೆ ಗಟ್ಟಿಯಾಗುತ್ತದೆ, ಉಗುರು ಇಳಿಯುವುದಿಲ್ಲ. ಚಳಿಗಾಲದ್ದು ಸೊನ್ನೆ ಡಿಗ್ರಿಯಲ್ಲೂ ಮೆತ್ತಗೆ ಒತ್ತಿಸಿಕೊಳ್ಳುತ್ತದೆ. ಅದರ ಮೈಮೇಲಿನ ಒಂದೊಂದು ರಬ್ಬರ್ ದಿಮ್ಮಿಯ ಮೇಲೂ ಬ್ಲೇಡಿನಲ್ಲಿ ಕೊಯ್ದಂತೆ ಅಂಕುಡೊಂಕು ಗೀರುಗಳು, ಹತ್ತಿರ ಹತ್ತಿರ, ನೂರಾರು. ನೆಲಕ್ಕೆ ಒತ್ತಿದಾಗ ಆ ಗೀರುಗಳು ಬಾಯಿ ಬಿಟ್ಟು ಸ್ನೋವನ್ನು ಕಚ್ಚುತ್ತವೆ. ದೊಡ್ಡ ಸಂದುಗಳಲ್ಲಿ ಸ್ನೋ ತುಂಬಿಕೊಳ್ಳುತ್ತದೆ, ಆ ಸ್ನೋ ನೆಲದ ಸ್ನೋವನ್ನು ಹಿಡಿಯುತ್ತದೆ. ಮಕ್ಕಳು ಉಂಡೆ ಕಟ್ಟುವುದು ಹೇಗೆ ಸಾಧ್ಯ? ಸ್ನೋಗೆ ಸ್ನೋ ಅಂಟುತ್ತದೆ, ಅದಕ್ಕೇ.

ಹಾಕಿಸಿದ ಮೇಲೆ ಬಂದ ಮೊದಲ ಬಿಳಿ ಬೆಳಗ್ಗೆ, ಅದೇ ಇಳಿಜಾರು, ಅದೇ ಲೈಟು ಕಂಬ. ಬೇಕಂತಲೇ ಅಲ್ಲೇ ಬ್ರೇಕ್ ಒತ್ತಿದೆ. ಒಂದು ಕಾರಿನ ಉದ್ದದಷ್ಟು ಮುಂದೆ ಹೋಗಿ ನಿಂತಿತು. ಕಂದು ಡಬ್ಬ ಇನ್ನೂ ದೂರದಲ್ಲಿತ್ತು.

ಸರಿ, ಆದರೆ ಇಂಥ ಬೆಳಗ್ಗೆ ಎಷ್ಟು ಬರುತ್ತವೆ? ಅಡುಗೆಮನೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದೇನೆ. ಒಂದು ಚಳಿಗಾಲದಲ್ಲಿ ಬೀದಿ ಬೆಳ್ಳಗಾದದ್ದು 9 ದಿನ, ಮರುವರ್ಷ 4. ಇಷ್ಟೇ ಆಗಿದ್ದರೆ ಆ ದಿನ ಟ್ರಾಮ್ ಹತ್ತಿ, ದುಡ್ಡು ಉಳಿಸಿ ಅನ್ನುತ್ತಿದ್ದೆ. ನನಗೆ ಇದರ ಬೆಲೆ ಗೊತ್ತಾದದ್ದು ಸ್ನೋ ಇಲ್ಲದ ದಿನಗಳಲ್ಲಿ. ನವೆಂಬರ್‌ನಿಂದ ಮಾರ್ಚ್‌ವರೆಗೆ ಇಲ್ಲಿ ಬೆಳಗ್ಗೆ ಎರಡು ಮೂರು ಡಿಗ್ರಿ, ಜಿನುಗು ಮಳೆ, ರಸ್ತೆ ತುಂಬ ಕೊಳೆತ ಎಲೆ. ಸಿಂಡೆಲ್‌ಫಿಂಗನ್‌ನ ಆಫೀಸಿಗೆ ಹೋಗಲು ಹೆಸ್ಲಾಖ್ ಸುರಂಗದಿಂದ ಹೊರಬಿದ್ದು ಕಾಡಿನ ನಡುವೆ ಹತ್ತಬೇಕು. ಪೇಟೆಯಲ್ಲಿ ಮಳೆ ಇದ್ದರೆ ಮೇಲೆ ಕೆಸರು ಹಿಮ ಇರುತ್ತದೆ, ಹತ್ತೇ ನಿಮಿಷದ ದಾರಿಯಲ್ಲಿ. 7 ಡಿಗ್ರಿಗಿಂತ ಕೆಳಗೆ ಹೋದರೆ ಟೈರ್ ಬದಲಾಯಿಸಿ ಅನ್ನುವ ಮಾತಿದೆ. ಅದು ಅಂದಾಜಿನ ಮಾತು, ಗೆರೆ ಎಳೆದ ಹಾಗೆ ಅಲ್ಲ. ಆದರೆ ಆ ದಾರಿಯ ತಿರುವುಗಳಲ್ಲಿ ಮೊದಲ ಡಿಸೆಂಬರ್‌ನಲ್ಲಿ ಕೈ ಬಿಗಿ ಹಿಡಿಯುತ್ತಿದ್ದವಳು ಈಗ ಮಗಳ ಜೊತೆ ಹಾಡು ಹೇಳಿಕೊಂಡು ಹೋಗುತ್ತೇನೆ.

ಎಲ್ಲಕ್ಕೂ ಇದೇ ಮದ್ದು ಅಂತ ತಿಳಿಯಬೇಡಿ. ಮಳೆ ಬಿದ್ದ ಹಾಗೇ ಗಾಜಾಗಿ ಹೆಪ್ಪುಗಟ್ಟುತ್ತದಲ್ಲ, ಅದರ ಮೇಲೆ ಯಾವ ಟೈರೂ ನಿಲ್ಲುವುದಿಲ್ಲ. ಮೊಳೆ ಇರುವ ಟೈರಿಗೆ ಇಲ್ಲಿ ನಿಷೇಧ. ಅಂಥ ದಿನ ನಾನು ಮನೆಯಿಂದಲೇ ಕೆಲಸ ಮಾಡುತ್ತೇನೆ. ಇನ್ನೊಂದು: ಟೈರ್ ಹೊಸದು ಅಂತ ಧೈರ್ಯ ಜಾಸ್ತಿಯಾಗುತ್ತದೆ. ಔಟೋಬಾನ್ 8ರಲ್ಲಿ ಉಲ್ಮ್ ಕಡೆಗೆ ಘಾಟಿ ಹತ್ತುವಾಗ ಒಂದು ಜನವರಿಯಲ್ಲಿ ನನಗೂ ಹಾಗಾಗಿತ್ತು. ಮುಂದಿನ ಲಾರಿ ಅಡ್ಡಡ್ಡ ತಿರುಗಿದ್ದು ನೋಡಿದ ಮೇಲೆ ಧೈರ್ಯ ತಾನಾಗಿ ಇಳಿಯಿತು.

ಅಂಗಡಿಯವರ ಬಗ್ಗೆ ಒಂದು ದೂರು ಇದೆ. ಚಕ್ರ ಬದಲಾಯಿಸಿದ ಮೇಲೆ ಸುಮಾರು 50 ಕಿಲೋಮೀಟರ್ ಓಡಿಸಿ ಬೋಲ್ಟುಗಳನ್ನು ಮತ್ತೆ ಬಿಗಿಮಾಡಬೇಕು. ಇದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಬಿಲ್ಲಿನ ಕೆಳಗೆ ಇರುವೆ ಸಾಲಿನಂಥ ಅಕ್ಷರದಲ್ಲಿ ಬರೆದಿದ್ದರು, ಆಗ ನನ್ನ ಜರ್ಮನ್ ತರಕಾರಿ ಕೊಳ್ಳುವಷ್ಟೇ. ಮೂರನೇ ದಿನ ಎಡಗಡೆ ಮುಂದಿನಿಂದ ಟಕ್ ಟಕ್ ಸದ್ದು. ನೋಡಿದರೆ ಎರಡು ಬೋಲ್ಟು ಬರಿಗೈಯಲ್ಲಿ ತಿರುಗುವಷ್ಟು ಸಡಿಲ! ಅದೇ ಸಂಜೆ ನಮ್ಮವರು ಟಾರ್ಕ್ ರೆಂಚ್, ಅಂದರೆ ಬಿಗಿ ಎಷ್ಟು ಅಂತ ಅಳೆಯುವ ಪಾನಾ, ಕೊಂಡು ತಂದರು. ನಮ್ಮ ಗಾಲ್ಫಿಗೆ 120 ನ್ಯೂಟನ್ ಮೀಟರ್, 'ಟಿಕ್' ಅಂದರೆ ಸಾಕು. ಅಂಗಡಿ ಬದಲಾಯಿಸಿದೆವು. ಹಾಗಾದರೆ ಚಕ್ರವನ್ನೂ ನೀವೇ ಹಾಕಿಕೊಳ್ಳಬಹುದಲ್ವಾ ಅಂತ ಕೇಳಬೇಡಿ. ಇಳಿಜಾರಿನಲ್ಲಿ ನಿಲ್ಲುವ ಕಾರಿಗೆ ಜಾಕ್ ಕೊಡಬಾರದು.

ಆರು ಚಳಿಗಾಲದ ಲೆಕ್ಕ ಹೀಗಿದೆ. ಚಕ್ರಗಳಿಗೆ 560. ಬದಲಾಯಿಸುವ ಕೂಲಿ ಸಲಕ್ಕೆ 35, ವರ್ಷಕ್ಕೆ ಎರಡು ಸಲ, ಒಟ್ಟು 420. ಎರಡೂ ಸೇರಿ 980, ಅಂದರೆ ವರ್ಷಕ್ಕೆ 163 ಯೂರೊ ಚಿಲ್ಲರೆ. ಅಂಗಡಿಯಲ್ಲೇ ಇಡಲು ಸೀಸನ್‌ಗೆ 45 ಕೇಳಿದರು. ಅದು ಜಾಸ್ತಿಯಾಯಿತು ಅಂತ ನೆಲಮಾಳಿಗೆಯಲ್ಲಿ ಇಡುತ್ತೇವೆ. ಒಂದೊಂದನ್ನೇ ಎತ್ತಿಕೊಂಡು ಮೆಟ್ಟಿಲು ಇಳಿಯುವ ಸೊಂಟನೋವಿನ ಖರ್ಚು ಇದರಲ್ಲಿ ಸೇರಿಲ್ಲ. ಆದರೆ ಚಳಿಗಾಲದ್ದು ಓಡುವಾಗ ಬೇಸಿಗೆಯದು ಮಲಗಿರುತ್ತದೆ, ಸವೆಯುವುದಿಲ್ಲ. ಹೇಗಿದ್ದರೂ ಕೊಳ್ಳಬೇಕಾಗಿದ್ದ ಟೈರನ್ನು ಮುಂಚೆ ಕೊಂಡಂತಾಯಿತು. ನಿಜವಾದ ಹೆಚ್ಚುವರಿ ಖರ್ಚು ರಿಮ್ಮಿನದು ಮತ್ತು ಕೂಲಿಯದು ಮಾತ್ರ.

ಹಾಗಂತ ಸವೆಯಲಿ ಅಂತ ಬೇಸಿಗೆಯಲ್ಲೂ ಇದನ್ನೇ ಓಡಿಸುವವರಿದ್ದಾರೆ. ಬೇಡ. ಬಿಸಿಲಿಗೆ ಆ ಮೆತ್ತನೆ ರಬ್ಬರ್ ಬೇಗ ತೇಯುತ್ತದೆ, ಬ್ರೇಕ್ ಹಾಕಿದರೆ ಹಲವು ಮೀಟರ್ ಜಾಸ್ತಿ ಓಡುತ್ತದೆ.

ಆಲ್ ಸೀಸನ್ ಟೈರು ಸಾಲದಾ? ಮನ್‌ಹೈಮ್‌ನಲ್ಲಿರುವ ನನ್ನ ಗೆಳತಿಗೆ ಧಾರಾಳವಾಗಿ ಸಾಕು. ರೈನ್ ಬಯಲಿನ ಸಪಾಟು ಊರು, ಅವಳು ಕಾರು ತೆಗೆಯುವುದೇ ವಾರಕ್ಕೆ ಎರಡು ಸಲ. ಮೂರು ಶಿಖರದ ನಡುವೆ ಹಿಮದ ಹರಳಿನ ಗುರುತು ಟೈರಿನ ಬದಿಯಲ್ಲಿದ್ದರೆ ಕಾನೂನಿಗೂ ಅದು ಒಪ್ಪಿಗೆ. ಬರೀ 'ಎಂ ಪ್ಲಸ್ ಎಸ್', ಅಂದರೆ ಕೆಸರು ಮತ್ತು ಸ್ನೋ, ಅಂತ ಬರೆದಿದ್ದರೆ ಮಾತ್ರ ಮೋಸ ಹೋಗಬೇಡಿ. 2024ರ ಅಕ್ಟೋಬರ್‌ನಿಂದ ಅದಕ್ಕೆ ಇಲ್ಲಿ ಬೆಲೆಯಿಲ್ಲ. ಹಳೇ ಟೈರ್ ಕೊಳ್ಳುವವರು ಇದನ್ನು ನೋಡಿಕೊಳ್ಳಿ. ಜೊತೆಗೆ ಟೈರಿನ ಬದಿಯಲ್ಲಿರುವ ಡಾಟ್ (DOT) ಗುರುತಿನ ಕೊನೆಯ ನಾಲ್ಕು ಅಂಕಿ: 3518 ಅಂದರೆ 2018ರ 35ನೇ ವಾರ ತಯಾರಾದದ್ದು.

ಅದೇ ಅಕ್ಟೋಬರ್‌ನಲ್ಲಿ (2024) ನಮ್ಮ ಟಿಎಸ್ 860ಕ್ಕೆ ನಾಣ್ಯದ ಪರೀಕ್ಷೆ ಮಾಡಿದೆ. 2 ಯೂರೊ ನಾಣ್ಯವನ್ನು ಗ್ರಿಪ್ಪಿನ ಸಂದಿಗೆ ನಿಲ್ಲಿಸಬೇಕು. ಅದರ ಬೆಳ್ಳಿ ಬಣ್ಣದ ಅಂಚು ಸುಮಾರು 4 ಮಿಲಿಮೀಟರ್. ಅಂಚು ಪೂರ್ತಿ ಮುಳುಗಿದರೆ ಇನ್ನೊಂದು ವರ್ಷ ಓಡುತ್ತದೆ. ನಮ್ಮದರಲ್ಲಿ ಬೆಳ್ಳಿ ಇಣುಕಿತು. ಜರ್ಮನಿಯ ಕಾನೂನಿಗೆ 1.6 ಮಿಲಿಮೀಟರ್ ಸಾಕು, ಆದರೆ ಅಷ್ಟು ಸವೆದರೆ ಸ್ನೋ ಮೇಲೆ ಅದು ಬೋಳು ಟೈರೇ. ನಾವು ಕ್ರಿಸ್‌ಮಸ್ ರಜೆಗೆ ಆಸ್ಟ್ರಿಯಾಕ್ಕೂ ಹೋಗುತ್ತೇವೆ, ಅಲ್ಲಿ 4ಕ್ಕಿಂತ ಕಡಿಮೆ ಇದ್ದರೆ ಚಳಿಗಾಲದ ಟೈರು ಅಂತಲೇ ಲೆಕ್ಕವಿಲ್ಲ. ಮತ್ತೆ ಅದೇ ಕಂಪನಿಯ ಟಿಎಸ್ 870 ಹಾಕಿಸಿದೆ. ರಿಮ್ ಹಳೆಯದೇ, ಹಾಗಾಗಿ ಈ ಸಲ ಬಿಲ್ ಹಗುರ.

ಬಿಚ್ಚಿದ ಚಕ್ರ ಎಲ್ಲಿಯದು ಅಂತ ಸೀಮೆಸುಣ್ಣದಲ್ಲಿ ಬರೆದಿಡುವುದು ಇಲ್ಲಿನ ಪದ್ಧತಿ. ನಾನು ಕನ್ನಡದಲ್ಲೇ ಬರೆಯುತ್ತೇನೆ: 'ಮುಂ ಎ', 'ಮುಂ ಬ', 'ಹಿಂ ಎ', 'ಹಿಂ ಬ'. ಹೊಸ ಅಂಗಡಿಯ ಮೆಕ್ಯಾನಿಕ್ ಮೊದಲ ವರ್ಷ ಇದೇನು ಚಿತ್ರ ಅಂತ ಕೇಳಿದ್ದ. ಹೋದ ಅಕ್ಟೋಬರ್‌ನಲ್ಲಿ ನಾನು ಬರೆಯಲು ಮರೆತಿದ್ದೆ. ವಸಂತದಲ್ಲಿ ನೆಲಮಾಳಿಗೆಗೆ ಇಳಿದು ನೋಡಿದರೆ ನಾಲ್ಕೂ ಚಕ್ರದ ಮೇಲೆ ಅವನೇ ಬರೆದಿದ್ದಾನೆ. 'ಬ' ಒಂದು ತಲೆಕೆಳಗಾಗಿದೆ, ಉಳಿದದ್ದು ಸರಿಯಿದೆ.