ತುಮಕೂರಲ್ಲಿ ಹಾಯಿದೋಣಿಗೆ ರೇಡಾರ್ ಕಂಬ ಮಾಡ್ಸಿದ್ವಿ, ಅಂತರಸನಹಳ್ಳಿ ವರ್ಕ್‌ಶಾಪ್ ಬಗ್ಗೆ ನನ್ನ ಅನುಭವ

ದೋಣಿ ಇರೋದು ಕೊಚ್ಚಿ ಬೋಲ್ಗಾಟಿ ಮರೀನಾದಲ್ಲಿ, ಕಂಬ ಮಾತ್ರ ನಮ್ಮೂರಲ್ಲಿ ರೆಡಿ ಆಗಿದ್ದು. ನಾನಿರೋದು ಬಟವಾಡಿ, ಭಾವ ಕೆಲಸ ಮಾಡೋದು ಕೊಚ್ಚೀಲಿ, ಇಬ್ರೂ ದುಡ್ಡು ಹಾಕಿ ತಗೊಂಡಿರೋ ಹಳೇ 31 ಅಡಿ ಫೈಬರ್ ದೋಣಿ ಅದು. ರಾತ್ರಿ ಹೊತ್ತು ಹೊರಗೆ ಹೋದಾಗ ಸಣ್ಣ ಮೀನು ದೋಣಿಗಳ ಲೈಟು ಮಿಣಮಿಣ ಅಂತಿರುತ್ತೆ, ಎಷ್ಟೋದ್ರಲ್ಲಿ ಎಐಎಸ್ (ದೋಣಿ ಎಲ್ಲಿದೆ ಅಂತ ರೇಡಿಯೋದಲ್ಲಿ ಬೇರೆ ದೋಣಿಗಳಿಗೆ ತಿಳಿಸೋ ಸಾಧನ) ಇರಲ್ಲ, ಮಳೆ ಹೊಡೀತು ಅಂದ್ರೆ ಕಣ್ಣಿಗೆ ಏನೂ ಕಾಣಲ್ಲ, ಅದಕ್ಕೆ ರೇಡಾರ್ ಬೇಕೇ ಬೇಕು ಅಂತ ಭಾವ ಎರಡು ವರ್ಷದಿಂದ ಹೇಳ್ತಾನೇ ಇದ್ರು.

ರೇಡಾರನ್ನ ಮಾಸ್ಟಿಗೇ, ಅಂದ್ರೆ ಹಾಯಿ ಕಟ್ಟೋ ಎತ್ತರದ ಕಂಬಕ್ಕೇ, ಹಾಕ್ಬೋದಲ್ಲ ಅಂತ ಸುಮಾರು ಜನ ಕೇಳಿದ್ರು. ಹಾಕ್ಬೋದು, ಆದ್ರೆ ಮೇಲಿನ ತೂಕ ಜಾಸ್ತಿ ಆಗುತ್ತೆ, ಮುಂದಿನ ಹಾಯಿ ತಿರುಗಿಸುವಾಗೆಲ್ಲ ರೇಡಾರಿನ ಗುಂಡನೆ ಡೋಮಿಗೆ ಉಜ್ಜುತ್ತೆ, ರಿಪೇರಿ ಬಂದ್ರೆ ಹಗ್ಗ ಕಟ್ಕೊಂಡು ಹತ್ಬೇಕು. ದೂರದ ಲೆಕ್ಕಾನೂ ಹಾಕಿ ನೋಡಿದೆ. ಮೀಟರಲ್ಲಿರೋ ಎತ್ತರದ ವರ್ಗಮೂಲಕ್ಕೆ 2.2 ಗುಣಿಸಿದ್ರೆ ರೇಡಾರಿಗೆ ಕಾಣೋ ದೂರ ನಾಟಿಕಲ್ ಮೈಲಿಯಲ್ಲಿ ಸಿಗುತ್ತೆ. ದೋಣಿ ಹಿಂಬದೀಲಿ ಬೇರೆ ಕಂಬ ಹಾಕಿ ನೀರಿಂದ 3.5 ಮೀಟರ್ ಮೇಲಿದ್ರೆ ಸುಮಾರು 4 ಮೈಲಿ, ಮಾಸ್ಟಲ್ಲಿ 8 ಮೀಟರ್ ಮೇಲಿದ್ರೆ 6 ಚಿಲ್ಲರೆ. ಹಡಗು ದೊಡ್ದಾಗಿದ್ರೆ ಅದರ ಎತ್ತರದ ದೂರಾನೂ ಇದಕ್ಕೆ ಸೇರುತ್ತೆ, ಹಾಗಾಗಿ 25 ಮೀಟರ್ ಎತ್ತರದ ಹಡಗು ಹಿಂಬದಿ ಕಂಬದಿಂದಾನೂ 15 ಮೈಲಿ ಆಚೆಗೇ ಸಿಗ್ಬೋದು. ಎರಡು ಮೈಲಿಗೋಸ್ಕರ ಮಾಸ್ಟ್ ಹತ್ತೋದು ಬೇಡ, ದೋಣಿ ಹಿಂಬದಿ ಮೂಲೇಲೇ ಕಂಬ ನಿಲ್ಸೋಣ ಅಂತ ತೀರ್ಮಾನ ಆಯ್ತು.

ಇನ್ನೊಂದು ಕಡೆ ಮೊದ್ಲು ಬ್ರಾಕೆಟ್ ಮಾಡ್ಸಿ ಏಟು ತಿಂದಿದ್ವಿ, ಅದನ್ನ ಹೇಳ್ಲೇಬೇಕು. 316 ಸ್ಟೀಲು ಅಂತ ದುಡ್ಡು ತಗೊಂಡ್ರು, ಮೂರೇ ತಿಂಗಳಿಗೆ ಉಪ್ಪು ಗಾಳೀಲಿ ಕಂದು ಕಲೆ ಬಂತು. ಮನೆ ರೇಲಿಂಗಿಗೆ 202, 304 ಗ್ರೇಡ್ ಸ್ಟೇನ್‌ಲೆಸ್ ನಡೆಯುತ್ತೆ, ಸಮುದ್ರದ ಹತ್ರ ಆಗಲ್ಲ ಕಣ್ರೀ. 316ರಲ್ಲಿ 2ರಿಂದ 3 ಪರ್ಸೆಂಟ್ ಮಾಲಿಬ್ಡಿನಮ್ ಇರುತ್ತೆ, ಉಪ್ಪಿಗೆ ಸ್ಟೀಲು ಚುಕ್ಕಿ ಚುಕ್ಕಿ ತಿಂದು ಹೋಗದ ಹಾಗೆ ತಡೆಯೋದು ಅದೇ. ಮ್ಯಾಗ್ನೆಟ್ ಇಟ್ಟು ನೋಡಿ ಅಂತಾರಲ್ಲ, 304ಗೂ 316ಗೂ ಇರೋ ವ್ಯತ್ಯಾಸ ಅದರಲ್ಲಿ ಗೊತ್ತಾಗಲ್ಲ.

ಈ ವರ್ಕ್‌ಶಾಪಲ್ಲಿ ನನಗೆ ನಂಬಿಕೆ ಬಂದಿದ್ದೇ ಅಲ್ಲಿ. ಯಜಮಾನ್ರು ನಾನು ಕೇಳೋಕ್ ಮುಂಚೇನೇ ಪೈಪಿನ ಮೇಲೆ ಟೆಸ್ಟ್ ದ್ರಾವಣ ಒಂದು ಹನಿ ಬಿಟ್ಟು, ಪುಟ್ಟ ಬ್ಯಾಟರಿ ವೈರ್ ತಾಗ್ಸಿ ಮಾಲಿಬ್ಡಿನಮ್ ಇದ್ರೆ ಬಣ್ಣ ತಿರುಗೋದನ್ನ ತೋರ್ಸಿದ್ರು, ಪಕ್ಕದಲ್ಲಿ 304 ತುಂಡು ಇಟ್ಟು ಅದಕ್ಕೂ ಹನಿ ಬಿಟ್ರು, ಅದರಲ್ಲಿ ಬಣ್ಣ ಬರ್ಲಿಲ್ಲ. ಅವರು ಎಚ್‌ಎಂಟಿ ವಾಚ್ ಫ್ಯಾಕ್ಟರೀಲಿ ಕೆಲಸ ಮಾಡಿ ಬಂದವರಂತೆ, ಅಳತೆ ವಿಷ್ಯದಲ್ಲಿ ಒಂದು ಮಿಲಿಮೀಟರೂ ಬಿಡಲ್ಲ.

ಪೈಪು 2 ಇಂಚು ಎನ್‌ಬಿ (ಒಳ ವ್ಯಾಸದ ಹೆಸರಿನ ಅಳತೆ), ಹೊರಗಿನ ಅಳತೆ 60.3 ಮಿ.ಮೀ., ಉದ್ದ ಎರಡೂವರೆ ಮೀಟರು. ಎಂಎಸ್ (ಮಾಮೂಲಿ ಕಬ್ಬಿಣ) ಉಜ್ಜಿದ ಗ್ರೈಂಡಿಂಗ್ ವೀಲು ಸ್ಟೇನ್‌ಲೆಸ್ ಮೇಲೆ ಓಡ್ಸಿದ್ರೆ ಕಬ್ಬಿಣದ ಕಣ ಕೂತ್ಕೊಂಡು ಅಲ್ಲೇ ತುಕ್ಕು ಶುರುವಾಗುತ್ತೆ, ಅದಕ್ಕೆ ಇವರ ಹತ್ರ ಸ್ಟೇನ್‌ಲೆಸ್‌ಗೆ ಅಂತಾನೇ ಬೇರೆ ಡಬ್ಬ ಇದೆ, ಹುಡುಗ ಒಬ್ಬ ಮರೆತು ಬೇರೆ ವೀಲ್ ಎತ್ಕೊಂಡಾಗ ಯಜಮಾನ್ರು ಎದ್ದು ಬಂದು ಕೈಯಿಂದ ತಗೊಂಡು ಪಕ್ಕಕ್ಕಿಟ್ರು. ಎಲ್ಲಾ ಆರ್ಗಾನ್ ವೆಲ್ಡಿಂಗು, ಆಮೇಲೆ ಪಿಕ್ಲಿಂಗ್ ಪೇಸ್ಟ್ (ವೆಲ್ಡಿಂಗ್ ಕಲೆ ತೆಗೆಯೋ ಆಸಿಡ್ ಪೇಸ್ಟ್) ಹಚ್ಚಿ ತೊಳೆದು ಜಾಯಿಂಟು ಬೆಳ್ಳಗೆ ಮಾಡಿ ಕೊಟ್ರು. ವೈರು ಹೊರಗೆ ಬರೋ ತೂತಿಗೆ ಬೆರಳು ತೂರಿಸಿ ಒಳ ಅಂಚನ್ನ ಸುತ್ತಲೂ ಸವರಿ ನೋಡಿದ್ರು, ಒಂದು ಕಡೆ ಸ್ವಲ್ಪ ಗೀರ್ತು ಅನ್ಸುತ್ತೆ, ಏನೂ ಮಾತಾಡ್ದೆ ರೌಂಡ್ ಫೈಲ್ ತಗೊಂಡು ಮತ್ತೆ ಕೂತ್ರು. ಸಮುದ್ರದಲ್ಲಿ ವರ್ಷಗಟ್ಲೆ ಅಲ್ಲಾಡೋ ಕೇಬಲ್ಲು ಸಾರ್ ಇದು ಅಂದ್ರು. ಸಮುದ್ರದ ಕೆಲಸ ಅವರು ಮಾಡಿದ್ದು ಇದೇ ಮೊದಲಂತೆ, ಆದ್ರೂ ಕೇಬಲ್ ಬಗ್ಗೆ ಆ ಮಾತು ಕೇಳಿ ನನಗೆ ನಿಜವಾಗ್ಲೂ ಖುಷಿ ಆಯ್ತು.

ತಪ್ಪೂ ಆಯ್ತು. ನಮ್ ಡೆಕ್ಕು (ದೋಣಿಯ ಮೇಲ್ಭಾಗದ ನೆಲ) ಹಿಂದೆ 4 ಡಿಗ್ರಿ ಇಳಿಜಾರು, ಡ್ರಾಯಿಂಗಲ್ಲಿ ಬರೆದಿದ್ದೆ, ಆದ್ರೂ ತಟ್ಟೆ ಇಡ್ಲಿ ಅಗಲದ ಬೇಸ್ ಪ್ಲೇಟನ್ನ ನೇರ 90 ಡಿಗ್ರೀಲಿ ವೆಲ್ಡ್ ಮಾಡ್ಬಿಟ್ಟಿದ್ರು. 4 ಡಿಗ್ರಿ ಅಂದ್ರೆ ಎರಡೂವರೆ ಮೀಟರ್ ಮೇಲೆ ತುದಿ 17 ಸೆಂಟಿಮೀಟರ್ ವಾಲುತ್ತೆ, ಚಿಕ್ಕ ವಿಷ್ಯ ಅಲ್ಲ. ತೋರ್ಸಿದ ತಕ್ಷಣ ಒಪ್ಕೊಂಡು, ಕತ್ತರಿಸಿ ಹೊಸ ಪ್ಲೇಟ್ ಹಾಕಿ ಕೊಟ್ರು, ಎಕ್ಸ್‌ಟ್ರಾ ದುಡ್ಡು ಕೇಳ್ಲಿಲ್ಲ. ಆದ್ರೆ ಹತ್ತು ದಿನ ಹೋಯ್ತು, ಆ ಹತ್ತು ದಿನ ಫೋನ್ ಎತ್ತಿದ್ದು ಎರಡೇ ಸಲ, ನಾನೇ ಗಾಡಿ ತಗೊಂಡು ಹೋಗಿ ಹೋಗಿ ಕೇಳ್ಬೇಕಾಯ್ತು. ಇದಕ್ಕೆ ಒಂದು ಸ್ಟಾರ್ ಕಟ್.

ಕೊಚ್ಚೀಲಿ ನಿಲ್ಸಿದ್ದು ನಾನೂ ಭಾವಾನೂ. ಡೆಕ್ಕಿನ ಫೈಬರ್ ಪದರಗಳ ಮಧ್ಯೆ ಬಾಲ್ಸಾ ಮರ ಇದೆ, ಬೋಲ್ಟ್ ತೂತಿಂದ ನೀರು ಇಳಿದ್ರೆ ಅದು ಕೊಳೆಯುತ್ತೆ, ಅದಕ್ಕೆ ತೂತನ್ನ ಮೊದ್ಲು ದೊಡ್ಡದು ಕೊರೆದು ಎಪಾಕ್ಸಿ ತುಂಬಿ, ಗಟ್ಟಿ ಆದ್ಮೇಲೆ ಅದರ ನಡುವೆ ಬೋಲ್ಟಿನ ಸೈಜಿಗೆ ಮತ್ತೆ ಕೊರೆದ್ವಿ. ಡೆಕ್ಕಿನ ಕೆಳಗಡೆ ಅಗಲ ಪ್ಲೇಟ್. ಸ್ಟೇನ್‌ಲೆಸ್ ನಟ್ಟು ಬೋಲ್ಟು ಬಿಗೀವಾಗ ಒಂದಕ್ಕೊಂದು ಕಚ್ಕೊಂಡ್ಬಿಡುತ್ತೆ, ಆಂಟಿಸೀಜ್ ಪೇಸ್ಟ್ ಹಚ್ಚೋದು ಮರೀಬೇಡಿ. ಬರೀ ಕಂಬ ನಿಲ್ಸಿ ಇಂಜಿನ್ ಸ್ಟಾರ್ಟ್ ಮಾಡಿದ್ರೆ ಮೇಲಿನ 6 ಕೆಜಿ ಡೋಮು ಗಡಗಡ ಅಂತ ನಡುಗ್ತು, ಎದೆ ಧಸಕ್ ಅಂತು ನಂಗೆ. ಆಮೇಲೆ ಒಂದು ಇಂಚಿನ ಸಪೋರ್ಟ್ ಪೈಪು, ಒಂದು ಮುಂದಕ್ಕೆ ಒಂದು ಪಕ್ಕಕ್ಕೆ, ಎರಡೂ ಬಿಗಿದ್ವಿ ನೋಡಿ, ಕೈ ಇಟ್ರೂ ನಡುಕ ಗೊತ್ತಾಗಲ್ಲ. ಆ ಪೈಪುಗಳ ಕಟಿಂಗ್ ಆ್ಯಂಗಲ್ಲು ಇಲ್ಲಿಂದ ಅಲ್ಲಿಗೆ ಹೋಗಿ ಕರೆಕ್ಟಾಗಿ ಕೂತ್ಕೊಳ್ತು, ಒಂದು ಸಲಾನೂ ಫೈಲ್ ಹಾಕ್ಲಿಲ್ಲ.

ಮೆಟೀರಿಯಲ್ಲು ಕೂಲಿ ಎಲ್ಲಾ ಸೇರಿ 26 ಸಾವಿರ ಆಯ್ತು. ಒಂದು ಮಳೆಗಾಲ ಪೂರ್ತಿ ಕಳೀತು, ವೆಲ್ಡಿಂಗ್ ಜಾಗದಲ್ಲೂ ಕಲೆ ಇಲ್ಲ. ಹೋಗೋದಾದ್ರೆ ಸಂಜೆ ನಾಲ್ಕರ ಮೇಲೆ ಹೋಗಿ, ಡ್ರಾಯಿಂಗ್ ಮಿಲಿಮೀಟರಲ್ಲೇ ಕೊಡಿ, ಆ್ಯಂಗಲ್ ಇದ್ರೆ ಕೆಂಪು ಪೆನ್ನಲ್ಲಿ ಸುತ್ತು ಹಾಕಿ, ಜೊತೆಗೆ ರಟ್ಟಲ್ಲಿ ಅದೇ ಇಳಿಜಾರಿಗೆ ಕತ್ತರಿಸಿದ ಮಾದರೀನೂ ಕೊಡಿ. ಸೋಲಾರ್ ಪ್ಯಾನೆಲ್ ಫ್ರೇಮಿಗೆ ಹೋದ ವಾರ ನಾನು ಹಂಗೇ ಕೊಟ್ಟು ಬಂದಿದೀನಿ, ಅಲ್ಲೇ.