ಬಾಣಂತಿ ಕೋಣೆಗೆ ಯಾವ ಹೀಟರ್? ಮೂರನ್ನೂ ಹಚ್ಚಿ ನೋಡಿದ ಮೇಲೆ

ಮಗಳು ಹಡೆದು ಮನೆಗೆ ಬಂದದ್ದು ಡಿಸೆಂಬರ್‌ನಲ್ಲಿ. ಧಾರವಾಡದ ಡಿಸೆಂಬರ್ ಗೊತ್ತಲ್ಲ, ಮಧ್ಯಾಹ್ನ ಬಿಸಿಲು ಚುರುಗುಟ್ಟುತ್ತದೆ, ನಸುಕಿನಲ್ಲಿ ಕೌದಿ ಬಿಟ್ಟು ಏಳಲು ಮನಸ್ಸಾಗುವುದಿಲ್ಲ. ಮಾಳಮಡ್ಡಿಯ ನಮ್ಮ ಮನೆಯಲ್ಲಿ ಬಾಣಂತಿಗೆ ಬಿಟ್ಟುಕೊಟ್ಟ ಕೋಣೆಯೊಳಗೆ ಬೆಳಗ್ಗೆ ಆರಕ್ಕೆ 18 ಡಿಗ್ರಿ ಇರುತ್ತಿತ್ತು. ನಮಗಾದರೆ ಒಂದು ಸ್ವೆಟರ್ ಸಾಕು. ಎಣ್ಣೆ ಹಚ್ಚಿ, ನೀರು ಹಾಕಿ, ಒದ್ದೆ ಮೈಯ ಕೂಸನ್ನು ಟವೆಲ್‌ನಲ್ಲಿ ಸುತ್ತಿ ತಂದಾಗ ಅದೇ ಚಳಿ ನನಗೇ ಎದೆ ಝಲ್ಲೆನ್ನಿಸುತ್ತಿತ್ತು.

ಆ ಕೋಣೆ ಅವ್ವನದು. ಅವಳ ಮಂಡಿ ನೋವಿಗೆ ಅಂತ ಎರಡು ವರ್ಷದ ಹಿಂದೆಯೇ ಬಿಸಿಗಾಳಿಯನ್ನೂ ಕೊಡುವ ಇನ್ವರ್ಟರ್ ಎಸಿ ಹಾಕಿಸಿದ್ದೆವು. ಮನೆಯಲ್ಲಿ 2000 ವ್ಯಾಟ್‌ನ ಹಳೆಯ ಬ್ಲೋವರ್ ಹೀಟರ್ ಒಂದಿತ್ತು. ಸಾಲದ್ದಕ್ಕೆ ಅಳಿಯ ಒಂಬತ್ತು ರೆಕ್ಕೆಯ ಆಯಿಲ್ ಹೀಟರ್ ತಂದುಕೊಟ್ಟರು. ಹೀಗಾಗಿ ಒಂದೇ ಕೋಣೆ, ಒಂದೇ ಚಳಿ, ಮೂರು ಯಂತ್ರ. ಮೂರೂ ಒಂದಲ್ಲ ಒಂದು ದಿನ ನನ್ನ ಮುಖಕ್ಕೆ ಥಂಡಿ ಗಾಳಿ ಊದಿದವು. ಆದರೆ ಒಂದೊಂದರ ಕಾರಣ ಒಂದೊಂದು. ಅದು ತಿಳಿಯದೆ ಸುಮ್ನೆ ದುಡ್ಡು ಕಳೆದುಕೊಂಡೆ. ನೀವು ಕಳೆದುಕೊಳ್ಳಬಾರದು ಅಂತ ಇಷ್ಟು ಬರೆಯುತ್ತಿದ್ದೇನೆ.

ಮೊದಲು ಬ್ಲೋವರ್. ಇದು ಬೇಗ ಬಿಸಿ ಕೊಡುತ್ತದೆ. ಹದಿನೈದು ನಿಮಿಷಕ್ಕೆ ಕೋಣೆ 22 ಡಿಗ್ರಿ ಮುಟ್ಟಿತು. ಆರಿಸಿದ ಅರ್ಧ ತಾಸಿಗೆ ಮತ್ತೆ ಇದ್ದಲ್ಲಿಗೇ ಬಂತು. ಬಿಸಿಯೆಲ್ಲ ಬರೀ ಗಾಳಿಯಲ್ಲೇ ಇರುತ್ತದೆ, ಗೋಡೆ ಅದನ್ನು ಕುಡಿದುಬಿಡುತ್ತದೆ. ಸದ್ದೂ ಜಾಸ್ತಿ, ಕೂಸು ಬೆಚ್ಚಿ ಬೀಳುತ್ತಿತ್ತು.

ಇದು ಥಂಡಿ ಗಾಳಿ ಊದಿದರೆ ಮೊದಲು ಗುಂಡಿ ನೋಡಿ. ಫ್ಯಾನ್ ಚಿತ್ರದ ಮೇಲಿದ್ದರೆ ಕಾಯಿಲ್‌ಗೆ ಕರೆಂಟೇ ಹೋಗುವುದಿಲ್ಲ. ಇನ್ನೊಂದು ಗುಂಡಿ ಥರ್ಮೋಸ್ಟಾಟ್‌ನದು. ಕೋಣೆ ಅದರ ಲೆಕ್ಕಕ್ಕೆ ಬೆಚ್ಚಗಾದರೆ ಕಾಯಿಲ್ ಆರಿ, ಕೆಲವು ಮಾದರಿಗಳಲ್ಲಿ ಫ್ಯಾನ್ ಮಾತ್ರ ತಿರುಗುತ್ತಿರುತ್ತದೆ. 'ಟಕ್' ಅನ್ನುವ ತನಕ ತಿರುಗಿಸಿ ನೋಡಿ. ನಮ್ಮ ಮನೆಯಲ್ಲಿ ಆದದ್ದು ಬೇರೆ. ಕಾಟಿನ ಮೇಲಿಂದ ಕೂಸಿನ ಕುಂಚಿಗೆ ಜಾರಿ ಹೀಟರ್‌ನ ಹಿಂದಿನ ಜಾಳಿಗೆಗೆ ಅಂಟಿಕೊಂಡಿತ್ತು. ಒಳಗೆ ಗಾಳಿ ಹೋಗಲಿಲ್ಲ, ಕಾಯಿಲ್ ಅತಿ ಕಾದು ಕಟ್-ಆಫ್ ಬಿದ್ದು ಬಿಸಿ ನಿಂತಿತು. ಆ ಕಟ್-ಆಫ್ ಇಲ್ಲದಿದ್ದರೆ ಕುಂಚಿಗೆ ಹೊತ್ತಿಕೊಳ್ಳುತ್ತಿತ್ತು, ನೆನೆದರೆ ಈಗಲೂ ಕೈ ನಡುಗುತ್ತದೆ. ಪ್ಲಗ್ ಕಿತ್ತು, ಅರ್ಧ ತಾಸು ಆರಲು ಬಿಟ್ಟು, ಬ್ರಷ್‌ನಿಂದ ಧೂಳು ತೆಗೆದ ಮೇಲೆ ಸರಿಹೋಯಿತು. ಸರಿಹೋಗದಿದ್ದರೆ ಒಳಗಿನ ಫ್ಯೂಸೋ ಕಾಯಿಲ್ಲೋ ಹೋಗಿರುತ್ತದೆ. ರಿಪೇರಿಯವರು "ಕಟ್-ಆಫ್ ತೆಗೆದು ಡೈರೆಕ್ಟ್ ಮಾಡಿಕೊಡ್ತೀನ್ರೀ" ಅಂದರೆ ಒಪ್ಪಲೇಬೇಡಿ. ನನಗೂ ಒಬ್ಬರು ಹಾಗೆ ಹೇಳಿದ್ದರು.

ಇನ್ನೊಂದು ಕಾರಣ ಯಾರಿಗೂ ಹೊಳೆಯುವುದಿಲ್ಲ: ವೋಲ್ಟೇಜ್. ಒಂದೆರಡು ದಿನ ನಸುಕಿನಲ್ಲಿ ಸ್ಟೆಬಿಲೈಜರ್‌ನ ಮೀಟರ್ 180 ತೋರಿಸಿತು. ಕಾಯಿಲ್ ಕೊಡುವ ಬಿಸಿ ವೋಲ್ಟೇಜ್‌ನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. 230 ಇದ್ದದ್ದು 180 ಆದರೆ 2000 ವ್ಯಾಟ್‌ನ ಹೀಟರ್ 1200ರ ಆಸುಪಾಸಿಗೆ ಬಂದು ನಿಲ್ಲುತ್ತದೆ. ಗಾಳಿ ಬರುತ್ತದೆ, ಬಿಸಿ ಸಾಲುವುದಿಲ್ಲ. ಅಂಥ ದಿನ ಹೀಟರ್ ಬಿಚ್ಚಿಸಿ ಏನೂ ಪ್ರಯೋಜನವಿಲ್ಲ.

ಆಯಿಲ್ ಹೀಟರ್ ಇದಕ್ಕೆ ಪೂರ್ತಿ ಉಲ್ಟಾ. ಹಚ್ಚಿದ ಮೊದಲ ಇಪ್ಪತ್ತು ನಿಮಿಷ ಏನೂ ಗೊತ್ತಾಗುವುದಿಲ್ಲ. ಅವ್ವ ರೆಕ್ಕೆಯ ಮೇಲೆ ಕೈಯಿಟ್ಟು ನೋಡಿ, "ಇದು ಕೆಟ್ಟೈತಿ, ಅಳಿಯಾಗ ತಿರುಗಿಸಿ ಕಳಸು" ಅಂದಳು. ಮುಕ್ಕಾಲು ತಾಸಿಗೆ ಕೋಣೆ 21 ದಾಟಿತು. ಆರಿಸಿದ ಮೇಲೂ ಒಳಗಿನ ಎಣ್ಣೆ ಬಿಸಿ ಹಿಡಿದುಕೊಂಡಿತ್ತು, ಮುಂದಿನ ಅರ್ಧ ತಾಸು ಕೋಣೆ ತಣ್ಣಗಾಗಲಿಲ್ಲ. ಎಣ್ಣೆ ಉರಿಯುವುದಿಲ್ಲ, ಖರ್ಚೂ ಆಗುವುದಿಲ್ಲ. ಸದ್ದಿಲ್ಲ, ಕಣ್ಣಿಗೆ ಕುಕ್ಕುವ ಬೆಳಕಿಲ್ಲ. ನಾನು ಐದೂಕಾಲಕ್ಕೆ ಎದ್ದು ಹಚ್ಚಿದರೆ ಆರಕ್ಕೆ ನೀರು ಹಾಕುವ ಹೊತ್ತಿಗೆ ಕೋಣೆ ಹದವಾಗಿರುತ್ತಿತ್ತು.

ಇದರಿಂದ ಥಂಡಿ ಗಾಳಿ ಹೇಗೆ ಬಂತು ಅಂದರೆ, ನಮ್ಮ ಮಾದರಿಗೆ ಒಂದು ಚಿಕ್ಕ ಫ್ಯಾನ್ ಇದೆ. ಅದಕ್ಕೆ 400 ವ್ಯಾಟ್‌ನ ತನ್ನದೇ ಪುಟ್ಟ ಹೀಟರ್, ತನ್ನದೇ ಸ್ವಿಚ್. ಆ ಪುಟ್ಟ ಹೀಟರ್ ಕೆಟ್ಟರೆ ರೆಕ್ಕೆಗಳು ಬಿಸಿಯಾಗೇ ಇರುತ್ತವೆ, ಫ್ಯಾನ್ ಮಾತ್ರ ತಣ್ಣಗೆ ಊದುತ್ತದೆ. ಆ ಸ್ವಿಚ್ ಆರಿಸಿಬಿಟ್ಟೆ. ಫ್ಯಾನ್ ಇಲ್ಲದೆಯೇ ಈ ಹೀಟರ್ ಚೆನ್ನ. ಇನ್ನೊಂದು ದಿನ ತಾನಾಗೇ ಆರಿಹೋಯಿತು. ನಮ್ಮದು ಹಳೆಯ ಶಹಾಬಾದ ಕಲ್ಲಿನ ನೆಲ, ಒಂದು ಕಲ್ಲು ತುಸು ತಗ್ಗು. ಹೀಟರ್ ವಾಲಿದರೆ ಕರೆಂಟ್ ಕಡಿಯುವ ಸ್ವಿಚ್ ತಳದಲ್ಲಿದೆ. ಒಂದಡಿ ಸರಿಸಿದೆ, ಮತ್ತೆ ಹತ್ತಿಕೊಂಡಿತು.

ಈ ಎರಡು ಹೀಟರ್‌ಗೂ 16 ಆಂಪ್ಸ್‌ನ ಪಾಯಿಂಟ್ ಬೇಕು. 2000 ವ್ಯಾಟ್ ಅಂದರೆ 9 ಆಂಪ್ಸ್‌ಗೆ ತುಸು ಕಮ್ಮಿ, ಮೊಬೈಲ್ ಚಾರ್ಜ್ ಮಾಡುವ 6 ಆಂಪ್ಸ್ ಸಾಕೆಟ್ ಅದನ್ನು ತಾಳುವುದಿಲ್ಲ. ಎಕ್ಸ್‌ಟೆನ್ಶನ್ ಬೋರ್ಡ್ ಅಂತೂ ಬೇಡವೇ ಬೇಡ.

ಈಗ ಎಸಿ. ಇದನ್ನೇ ಹೆಚ್ಚು ಬರೆಯಬೇಕು, ಯಾಕೆಂದರೆ ಇದರಲ್ಲೇ ಹೆಚ್ಚು ಮೋಸ ಹೋದೆ. ಎಸಿ ಬಿಸಿಯನ್ನು ಹುಟ್ಟಿಸುವುದಿಲ್ಲ, ಹೊರಗಿನ ಗಾಳಿಯಲ್ಲಿರುವ ಬಿಸಿಯನ್ನು ಎಳೆದು ಒಳಗೆ ತರುತ್ತದೆ. ಹಾಗಾಗಿ ಒಂದು ಯೂನಿಟ್ ಕರೆಂಟ್‌ಗೆ ಸುಮಾರು ಮೂರು ಯೂನಿಟ್‌ನಷ್ಟು ಬಿಸಿ ಸಿಗುತ್ತದೆ. ಬ್ಲೋವರ್ ಎರಡು ತಾಸಿಗೆ ನಾಲ್ಕು ಯೂನಿಟ್ ತಿಂದರೆ, ನಮ್ಮ ಮೀಟರ್‌ನಲ್ಲಿ ಎಸಿ ಅಷ್ಟೇ ಹೊತ್ತಿಗೆ ಎರಡು ಯೂನಿಟ್ ಕೂಡ ಮುಟ್ಟಲಿಲ್ಲ. ಹತ್ತು ನಿಮಿಷದಲ್ಲಿ ಇಡೀ ಕೋಣೆ ಒಂದೇ ಸಮ ಬೆಚ್ಚಗಾಗುತ್ತಿತ್ತು.

ಇದರ ರಿಮೋಟ್‌ನಲ್ಲಿ ಸೂರ್ಯನ ಗುರುತು ಇರಬೇಕು, ಹಿಮದ ಹೂವಿನದಲ್ಲ. ಡಿಗ್ರಿಯೂ ಕೋಣೆಗಿಂತ ಮೇಲಿರಬೇಕು. ಹಚ್ಚಿದ ತಕ್ಷಣ ಗಾಳಿಯೇ ಬರದಿದ್ದರೆ ಗಾಬರಿಯಾಗಬೇಡಿ. ಒಳಗಿನ ಕಾಯಿಲ್ ಬಿಸಿಯಾಗುವ ತನಕ ಅದು ಬೇಕೆಂತಲೇ ಫ್ಯಾನ್ ತಡೆದು ನಿಲ್ಲಿಸುತ್ತದೆ, ಥಂಡಿ ಗಾಳಿ ಬರಬಾರದು ಅಂತ. ಹೊರಗಿನ ಪೆಟ್ಟಿಗೆ ತಣ್ಣನೆ ಗಾಳಿ ಬಿಡುವುದೂ ಸರಿಯೇ. ತೀರಾ ಚಳಿಯ ಊರುಗಳಲ್ಲಿ ಹೊರಗಿನ ಕಾಯಿಲ್‌ಗೆ ಹಿಮ ಕಟ್ಟಿ, ಅದನ್ನು ಕರಗಿಸಲು ಎಸಿ ಆಗಾಗ ಬಿಸಿ ನಿಲ್ಲಿಸುತ್ತದೆ. ನಮ್ಮ ಚಳಿಗೆ ಅದು ಅಪರೂಪ.

ಮೂರನೇ ವಾರ ನಿಜವಾಗಿಯೂ ಕೆಟ್ಟಿತು. ಸೂರ್ಯನ ಗುರುತಿದೆ, 26 ಇದೆ, ಹೊರಗಿನ ಪೆಟ್ಟಿಗೆ ಗುಂಯ್‌ಗುಡುತ್ತಿದೆ, ಒಳಗೆ ಬೇಸಿಗೆಯಂತೆ ತಣ್ಣನೆ ಗಾಳಿ. ಮೊದಲು ಬಂದವರು "ಗ್ಯಾಸ್ ಕಮ್ಮಿ ಆಗೇತ್ರೀ" ಅಂತ ಗ್ಯಾಸ್ ತುಂಬಿ ದುಡ್ಡು ಇಸಿದುಕೊಂಡು ಹೋದರು. ಮರುದಿನ ಬೆಳಗ್ಗೆ ಅದೇ ಥಂಡಿ.

ಆಮೇಲೆ ಹುಬ್ಬಳ್ಳಿಯಿಂದ ಒಬ್ಬ ಹುಡುಗ ಬಂದ. ಸ್ಕ್ರೂಡ್ರೈವರ್ ಮುಟ್ಟುವ ಮೊದಲು ಹೊರಗಿನ ಪೆಟ್ಟಿಗೆ ಪಕ್ಕ ಕುಕ್ಕರಗಾಲಲ್ಲಿ ಕೂತು, ದಪ್ಪ ಪೈಪಿನ ಸ್ಪಂಜ್ ಸರಿಸಿ ಕೈಯಿಟ್ಟ. "ಇಲ್ಲಿ ನೋಡ್ರಿ ಅಕ್ಕಾರ, ಬೆವರ್‍ಯದ. ಹೀಟ್ ಹಚ್ಚಿದಾಗ ಇದು ಸುಡಬೇಕ್ರೀ." ಮುಟ್ಟಿದೆ. ತಣ್ಣಗೆ, ಒದ್ದೆ. ಆಮೇಲೆ ಕೂಲ್‌ನಿಂದ ಹೀಟ್‌ಗೆ ಬದಲಿಸಿ, ಕಂಪ್ರೆಸರ್ ಶುರುವಾಗುವ ತನಕ ಕಿವಿಗೊಟ್ಟು ಕೂತ. "ವಾಲ್ವ್ ತಿರುಗಿದರ 'ಸುಯ್' ಅಂತೈತ್ರಿ. ಅನ್ನವಲ್ದು." ಗ್ಯಾಸ್ ಯಾವ ಕಡೆ ಹರಿಯಬೇಕು ಅಂತ ತಿರುಗಿಸುವ ಫೋರ್‌ವೇ ವಾಲ್ವ್ ಒಂದಿದೆ, ಅದರ ತಲೆಯ ಮೇಲಿನ ಚಿಕ್ಕ ಕಾಯಿಲ್ ಸುಟ್ಟಿತ್ತು. ಹೆಚ್ಚಿನ ಎಸಿಗಳಲ್ಲಿ ಆ ಕಾಯಿಲ್‌ಗೆ ಕರೆಂಟ್ ಹೋದರಷ್ಟೇ ಬಿಸಿ, ಹೋಗದಿದ್ದರೆ ತಂಪು. ಒಂದು ಸ್ಕ್ರೂ ಬಿಚ್ಚಿ ಬೇರೆ ಕಾಯಿಲ್ ಹಾಕಿದ. ಗ್ಯಾಸ್ ಬಿಡುವ ಕೆಲಸವೇ ಇರಲಿಲ್ಲ.

ಹೋಗುವ ಮುಂಚೆ ಅವನು ಹೇಳಿದ್ದು ನನಗೆ ಗ್ಯಾಸ್ ತುಂಬುವ ಮೊದಲೇ ತಿಳಿದಿರಬೇಕಿತ್ತು. ಹೀಟ್‌ನಲ್ಲಿ ಇಟ್ಟಾಗ ನಡುಗಿಸುವಷ್ಟು ತಣ್ಣನೆ ಗಾಳಿ ಬಂದರೆ ಗ್ಯಾಸ್ ಚೆನ್ನಾಗಿದೆ, ವಾಲ್ವ್ ತಿರುಗಿಲ್ಲ. ಬಿಸಿಯೂ ಇಲ್ಲ, ತಂಪೂ ಇಲ್ಲ, ಬರೀ ಗಾಳಿ ಅಂದರೆ ಆಗ ಗ್ಯಾಸ್ ಸೋರಿಕೆಯನ್ನೋ ಹೊರಗಿನ ಪೆಟ್ಟಿಗೆಯನ್ನೋ ಸಂಶಯ ಪಡಬೇಕು. ಬಿಸಿ ಇದೆ ಆದರೆ ಸಾಲದು ಅಂದರೆ ಮೊದಲು ಫಿಲ್ಟರ್ ತೊಳೆಯಿರಿ.

ಎಸಿ ಕೆಟ್ಟ ಆ ನಾಲ್ಕು ದಿನ ಅವ್ವ ಶೇಗಡಿಯ ಹಟ ಹಿಡಿದಿದ್ದಳು. "ನಿನ್ನ ಬಾಣಂತನದಾಗ ಹೊರಸಿನ ಕೆಳಗ ಕೆಂಡ ಇಟ್ಟಿದ್ದೆ. ಏನಾತು ನಿನಗ?" ಆಗ ನಮ್ಮದು ಹಂಚಿನ ಮನೆ. ಹಂಚಿನ ಸಂದಿಯಲ್ಲಿ, ಬಾಗಿಲ ಬಿರುಕಿನಲ್ಲಿ ಗಾಳಿ ಆಡುತ್ತಿತ್ತು. ಈಗ ಮೇಲೆ ಸ್ಲ್ಯಾಬ್, ಕಿಟಕಿಗೆ ಬಿಗಿಯಾದ ಗಾಜು. ಮುಚ್ಚಿದ ಕೋಣೆಯಲ್ಲಿ ಕೆಂಡ ಬಿಡುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರು ಮಲಗಿದಂತೆಯೇ ಹೋಗುತ್ತಾರೆ. ಅವ್ವನ ಕೈ ಹಿಡಿದು ಇಷ್ಟನ್ನೂ ಹೇಳಿದೆ. ಕೇಳಿ, ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾರ ಬ್ಯಾಡ ಬಿಡು" ಅಂದಳು.

ಕೂಸಿನ ಕೋಣೆಗೆ ನಾನು ಆರಿಸಿದ್ದು ಆಯಿಲ್ ಹೀಟರ್. ಫ್ಯಾನ್ ಸ್ವಿಚ್ ಆರಿಸಿಟ್ಟರೆ, ಅದು ಕೆಟ್ಟರೂ ಮೆಲ್ಲಗೆ ತಣ್ಣಗಾಗುತ್ತದೆಯೇ ಹೊರತು ಒದ್ದೆ ಮೈಯ ಕೂಸಿನ ಮೇಲೆ ಥಂಡಿ ಗಾಳಿ ಬಿಡುವುದಿಲ್ಲ. ರೆಕ್ಕೆಯ ಮೇಲೆ ಕುಲಾಯಿ ಒಣಗಿಸಲು ಮಾತ್ರ ಯಾರಿಗೂ ಬಿಡುವುದಿಲ್ಲ. ಮಗಳು ಗಂಡನ ಮನೆಗೆ ಹೋದ ಮೇಲೆ ಆ ಕೋಣೆ ಮತ್ತೆ ಅವ್ವನಿಗೆ. ಅವಳಿಗೆ ಎಸಿಯೇ ಸರಿ, ರಾತ್ರಿ ಎರಡು ತಾಸು ಹಚ್ಚಿದರೂ ಬಿಲ್‌ಗೆ ಭಾರವಿಲ್ಲ. ಬ್ಲೋವರ್ ಬಚ್ಚಲ ಹೊರಗಿನ ಪಡಸಾಲೆಯಲ್ಲಿದೆ, ಬೆಳಗ್ಗೆ ಹತ್ತು ನಿಮಿಷಕ್ಕೆ ಅಷ್ಟೇ. ಅದರ ಹಿಂದೆ ಗೋಡೆಗೆ ಮೂರಡಿ ಜಾಗ ಬಿಟ್ಟು, ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದಿಟ್ಟಿದ್ದೇನೆ.