ಹೊಲದ ಪಾಲು: ಸಿವಿಲ್ ಕೋರ್ಟೋ, ಲೋಕ ಅದಾಲತ್ತೋ?

ಗದಗ ಇಲ್ಲವೇ ಹಾವೇರಿಯಲ್ಲಿ ಅಣ್ಣತಮ್ಮಂದಿರ ಪಾಲಿನ ತಕರಾರು ಕೋರ್ಟಿಗೆ ಹೋದರೆ, ಅದು ನಡೆಯುವುದು ಬ್ರಿಟಿಷರು 1908ರಲ್ಲಿ ಮಾಡಿದ ಸಿವಿಲ್ ಪ್ರಕ್ರಿಯಾ ಸಂಹಿತೆಯಂತೆ. ಅವರ ದಂಡ ಸಂಹಿತೆ 2024ರಲ್ಲಿ ಹೋಯಿತು. ಇದು ಮಾತ್ರ ಗಟ್ಟಿಯಾಗಿ ಕುಳಿತಿದೆ. ದಾವೆ, ಕೈಫಿಯತ್ತು (ಎದುರಾಳಿಯ ಲಿಖಿತ ಉತ್ತರ), ಸಾಕ್ಷಿ, ಪಾಟೀಸವಾಲು, ಮೇಲ್ಮನವಿ, ಆಮೇಲೆ ಧಾರವಾಡದ ಹೈಕೋರ್ಟ್ ಪೀಠ. ಹೊಲಕ್ಕಿಂತ ಕಡತವೇ ದೊಡ್ಡದಾಗುತ್ತದೆ! ಆದರೆ ಎದುರಾಳಿ ಹಾಜರಾಗದಿದ್ದರೂ ತೀರ್ಪು ಸಿಗುತ್ತದೆ. ಹೊಲ ಮಾರದಂತೆ ತಡೆಯಾಜ್ಞೆಯನ್ನೂ ಕೇಳಬಹುದು.

1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ರಾಜಿ ಮಾಡಿಸುವ ಲೋಕ ಅದಾಲತ್ ಊರ ಹಿರಿಯರ ಕಟ್ಟೆಪಂಚಾಯಿತಿಯ ಮೊಮ್ಮಗನಂತೆ ಕಾಣುತ್ತದೆ. ಆದರೂ ಅದರ ರಾಜಿಗೆ ಇಂಗ್ಲಿಷ್ ಪದ್ಧತಿಯ ಡಿಕ್ರಿಯ, ಅಂದರೆ ಸಿವಿಲ್ ಕೋರ್ಟಿನ ಅಂತಿಮ ಆದೇಶದ, ಬಲವಿದೆ. ಶುಲ್ಕವಿಲ್ಲ, ಮೊದಲೇ ಕಟ್ಟಿದ್ದರೆ ಮರಳುತ್ತದೆ. ಇಬ್ಬರೂ ಒಪ್ಪಬೇಕು, ಒಪ್ಪಿದ ಮೇಲೆ ಮೇಲ್ಮನವಿ ಇಲ್ಲ.

ಬದುವಿನ ಜಗಳಕ್ಕೆ ಅದಾಲತ್ತೇ ಸಾಕು. ಹೆಣ್ಣುಮಕ್ಕಳ ಪಾಲನ್ನು ಬಿಟ್ಟುಕೊಡುವಂತೆ ಒತ್ತಾಯಿಸುವ ಮನೆಯಾದರೆ ದಾವೆಯೇ ವಾಸಿ.